ಸ್ಕಾಲರ್‌ಶಿಪ್ ಹಣ ದಾರಿಯಲ್ಲಿ ಎಲ್ಲಿ ನಿಂತುಬಿಡುತ್ತದೆ? ಡಿಗ್ರಿ ವಿದ್ಯಾರ್ಥಿಗಳ ನೆರವು, ಸಾಲ, ಓದು, ಉದ್ಯೋಗದ ಲೆಕ್ಕ

ಕಾವ್ಯ ಎಂಬ ಹುಡುಗಿ ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದಾಳೆ ಎಂದುಕೊಳ್ಳೋಣ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವಳ ಹೆಸರು ‘ಕಾವ್ಯ ಎಚ್.’ ಎಂದಿದೆ. ಆಧಾರ್‌ನಲ್ಲಿ ‘ಕಾವ್ಯ ಹನುಮಂತಪ್ಪ’. ಬ್ಯಾಂಕ್ ಖಾತೆ ಏಳನೇ ತರಗತಿಯಲ್ಲಿದ್ದಾಗ ಮಾಡಿಸಿದ್ದು, ಅದರಲ್ಲಿ ಬರೀ ‘ಕಾವ್ಯ’. ಅವಳ ಮನೆಯ ಆದಾಯ ಮಿತಿಯೊಳಗಿದೆ, ಜಾತಿ ಪ್ರಮಾಣಪತ್ರವಿದೆ, ಅಂಕಗಳೂ ಚೆನ್ನಾಗಿವೆ. ಅಂದರೆ ವಿದ್ಯಾರ್ಥಿವೇತನಕ್ಕೆ ಅವಳು ಪೂರ್ತಿ ಅರ್ಹಳು. ಆದರೂ ಅರ್ಜಿ ಹಾಕುವ ದಿನವೇ ಹೆಸರು ತಾಳೆಯಾಗುತ್ತಿಲ್ಲ ಎಂದು ಪೋರ್ಟಲ್ ಹೇಳುತ್ತದೆ. ಸೈಬರ್ ಸೆಂಟರಿನವರು ‘ನಾಳೆ ಬನ್ನಿ’ ಎನ್ನುತ್ತಾರೆ. ಆ ನಾಳೆಗಳು ಸೇರಿ ಕೊನೆಯ ದಿನಾಂಕ ದಾಟಿಹೋಗುತ್ತದೆ.

ಕರ್ನಾಟಕದಲ್ಲಿ ಡಿಗ್ರಿ ಓದುವ ಮಕ್ಕಳಿಗೆ ನೆರವು ಕೊಡುವ ಯೋಜನೆಗಳಿಗೆ ಕೊರತೆಯಿಲ್ಲ. ಹಣ ಕೈತಪ್ಪುವುದು ಬಹುಪಾಲು ಅರ್ಹತೆಯ ಪ್ರಶ್ನೆಯಲ್ಲಿ ಅಲ್ಲ, ದಾಖಲೆಗಳು ಒಂದಕ್ಕೊಂದು ಹೊಂದದಿರುವುದರಲ್ಲಿ. ಆದ್ದರಿಂದ ಯಾವ ಯೋಜನೆಗೆ ಎಷ್ಟು ಹಣ ಎಂಬುದಕ್ಕಿಂತ ಮೊದಲು ಕಾಗದಪತ್ರದ ಮಾತು ಮುಗಿಸಿಬಿಡುವುದು ಒಳ್ಳೆಯದು.

ಮೊದಲು ಕಾಗದಪತ್ರ, ಅದೂ ಈ ಕ್ರಮದಲ್ಲಿ

ಹೆಸರು ಸರಿಪಡಿಸುವಾಗ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಬುನಾದಿ ಎಂದು ಇಟ್ಟುಕೊಳ್ಳಿ. ಅದನ್ನು ತಿದ್ದಿಸಲು ಓದಿದ ಶಾಲೆಯಿಂದ ಪರೀಕ್ಷಾ ಮಂಡಳಿಯವರೆಗೆ ಅಲೆಯಬೇಕು. ಆಧಾರ್ ತಿದ್ದುವುದು ಅದಕ್ಕಿಂತ ಎಷ್ಟೋ ಸುಲಭ. ಆದ್ದರಿಂದ ಆಧಾರ್‌ನ ಹೆಸರನ್ನು ಅಂಕಪಟ್ಟಿಯಲ್ಲಿರುವಂತೆ, ಇನಿಷಿಯಲ್ ಸಮೇತ, ಅಕ್ಷರಕ್ಕೆ ಅಕ್ಷರ ಹೊಂದಿಸಬೇಕು. ಆಧಾರ್‌ನಲ್ಲಿ ಹೆಸರನ್ನು ಬದುಕಿನಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಅವಸರದಲ್ಲಿ ತಪ್ಪು ಕಾಗುಣಿತ ಕೊಟ್ಟು ಒಂದು ಅವಕಾಶ ಹಾಳುಮಾಡಿಕೊಂಡವರಿದ್ದಾರೆ. ಸೇವಾ ಕೇಂದ್ರದಲ್ಲಿ ಸ್ವೀಕೃತಿ ಚೀಟಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಇಂಗ್ಲಿಷ್ ಮತ್ತು ಕನ್ನಡದ ಎರಡೂ ಹೆಸರನ್ನು ಓದಿ ನೋಡಿ. ಫೋನ್ ನಂಬರ್ ಕೂಡ ಅಲ್ಲೇ ಖಚಿತಪಡಿಸಿಕೊಳ್ಳಿ. ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ಸಿಮ್ ಅಣ್ಣನ ಹತ್ತಿರ ಬೆಂಗಳೂರಿನಲ್ಲಿದ್ದರೆ ಪ್ರತಿ ಹೆಜ್ಜೆಗೂ ಅವನಿಗೆ ಫೋನ್ ಮಾಡುತ್ತ ಕೂರಬೇಕಾಗುತ್ತದೆ.

ಆಧಾರ್ ಆದ ಮೇಲೆ ಬ್ಯಾಂಕು. ಇಲ್ಲಿ ಎರಡು ಮಾತುಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ: ಆಧಾರ್ ಲಿಂಕ್ ಮತ್ತು ಆಧಾರ್ ಸೀಡಿಂಗ್. ಲಿಂಕ್ ಎಂದರೆ ಬ್ಯಾಂಕು ನಿಮ್ಮ ಆಧಾರ್ ಸಂಖ್ಯೆಯನ್ನು ತನ್ನ ಗ್ರಾಹಕ ದಾಖಲೆಯಲ್ಲಿ ಬರೆದುಕೊಂಡಿದೆ ಎಂದಷ್ಟೇ. ಸೀಡಿಂಗ್ ಎಂದರೆ ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ಸಂಸ್ಥೆಯ ಪಟ್ಟಿಯಲ್ಲಿ ‘ಈ ಆಧಾರ್‌ಗೆ ಬಂದ ಸರ್ಕಾರಿ ಹಣವನ್ನು ಈ ಬ್ಯಾಂಕಿಗೆ ಕಳಿಸಿ’ ಎಂದು ದಾಖಲಾಗುವುದು. ಸ್ಕಾಲರ್‌ಶಿಪ್ ಬರುವುದು ಈ ಎರಡನೆಯದರ ಮೇಲೆ. ಒಂದು ಆಧಾರ್‌ಗೆ ಒಂದು ಹೊತ್ತಿಗೆ ಒಂದೇ ಬ್ಯಾಂಕು ಸೀಡ್ ಆಗಿರುತ್ತದೆ, ಕೊನೆಗೆ ಯಾವುದಕ್ಕೆ ಒಪ್ಪಿಗೆ ಕೊಟ್ಟಿರೋ ಅದು. ಕಾಲೇಜಿಗೆ ಸೇರಿದ ಮೇಲೆ ಪೇಟೆಯ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು, ಅಲ್ಲಿನ ಫಾರ್ಮಿನಲ್ಲಿ ಸಹಾಯಧನದ ಚೌಕಕ್ಕೆ ಟಿಕ್ ಹಾಕಿದರೆ ಹಣ ಅಲ್ಲಿಗೆ ಹೋಗುತ್ತದೆ. ಹಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿ ‘ಬಂದೇ ಇಲ್ಲ’ ಎಂದು ಕಾಯುವವರ ಹಣ ಎಷ್ಟೋ ಸಲ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ. ಮೈ ಆಧಾರ್ ಜಾಲತಾಣಕ್ಕೆ ಆಧಾರ್ ಸಂಖ್ಯೆ ಮತ್ತು ಓಟಿಪಿ ಕೊಟ್ಟು ಒಳಗೆ ಹೋದರೆ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬ ಗುಂಡಿ ಇದೆ. ಅಲ್ಲಿ ಬ್ಯಾಂಕಿನ ಹೆಸರು ಮತ್ತು ‘ಆಕ್ಟಿವ್’ ಎಂಬ ಮಾತು ಎರಡೂ ಕಾಣಬೇಕು. ‘ಇನ್‌ಆಕ್ಟಿವ್’ ಎಂದಿದ್ದರೆ ಬ್ಯಾಂಕ್ ಶಾಖೆಗೆ ಹೋಗಿ ಸೀಡಿಂಗ್ ಒಪ್ಪಿಗೆ ಪತ್ರ ಕೊಟ್ಟು, ಒಂದು ವಾರ ಬಿಟ್ಟು ಮತ್ತೆ ನೋಡಿ.

ಕಾವ್ಯಳ ಹಾಗೆ ಚಿಕ್ಕವಯಸ್ಸಿನಲ್ಲಿ ತೆರೆದ ಖಾತೆಯಾದರೆ ಇನ್ನೊಂದು ತೊಡಕಿದೆ. ಹದಿನೆಂಟು ತುಂಬಿದ ಮೇಲೆ ಹೊಸ ಸಹಿ, ಫೋಟೊ, ಕೆವೈಸಿ (ಗುರುತು-ವಿಳಾಸದ ದಾಖಲೆ) ಕೊಟ್ಟು ಅದನ್ನು ವಯಸ್ಕರ ಖಾತೆಯಾಗಿ ಬದಲಿಸಬೇಕು. ಪೂರ್ತಿ ಕೆವೈಸಿ ಇಲ್ಲದೆ ತೆರೆದ ‘ಸಣ್ಣ ಖಾತೆ’ಗಳಿಗೆ ಮಿತಿಯೂ ಉಂಟು: ಒಂದು ಹೊತ್ತಿಗೆ 50,000 ರೂಪಾಯಿಗಿಂತ ಹೆಚ್ಚು ಉಳಿಕೆ ಇರುವಂತಿಲ್ಲ, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ. ಎಂಜಿನಿಯರಿಂಗ್ ಶುಲ್ಕದಂಥ ದೊಡ್ಡ ಮೊತ್ತ ಬಂದರೆ ವಾಪಸಾಗುವುದು ಇಂಥ ಖಾತೆಗಳಿಂದಲೇ.

ಮೂರನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಕೊಡುವ ಪ್ರತಿ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇರುತ್ತದೆ. ಪೋರ್ಟಲ್ ಕಾಗದವನ್ನು ಓದುವುದಿಲ್ಲ, ಈ ಸಂಖ್ಯೆಯ ಮೂಲಕ ಕಂದಾಯ ಇಲಾಖೆಯ ದಾಖಲೆಯನ್ನೇ ಎಳೆದುಕೊಳ್ಳುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರ ಜಾತಿ ಪ್ರಮಾಣಪತ್ರಕ್ಕೆ ಅವಧಿಯಿಲ್ಲ. ಆದಾಯ ಪ್ರಮಾಣಪತ್ರಕ್ಕೂ, 2ಎ, 3ಎ, 3ಬಿ ಮೊದಲಾದವರ ಜಾತಿ-ಆದಾಯ ಪ್ರಮಾಣಪತ್ರಕ್ಕೂ ಐದು ವರ್ಷ ಮಾತ್ರ. ಎಂಟನೇ ತರಗತಿಯಲ್ಲಿ ಮಾಡಿಸಿದ ಪತ್ರ ಡಿಗ್ರಿಗೆ ಬರುವ ಹೊತ್ತಿಗೆ ಸತ್ತುಹೋಗಿರುತ್ತದೆ. ಪಿಯುಸಿ ಫಲಿತಾಂಶ ಬಂದ ವಾರವೇ ದಿನಾಂಕ ನೋಡಿ ಹೊಸದಕ್ಕೆ ಅರ್ಜಿ ಹಾಕಿ; ಕಾಲೇಜು ದಾಖಲಾತಿ ಶುರುವಾದ ಮೇಲೆ ನಾಡಕಚೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪ್ರಮಾಣಪತ್ರಗಳು ತಂದೆಯ ಹೆಸರಿನಲ್ಲಿ ಬೇಡ, ವಿದ್ಯಾರ್ಥಿಯ ಹೆಸರಿನಲ್ಲೇ ಇರಲಿ. ಆಧಾರ್ ತಿದ್ದಿದ ಮೇಲೆಯೇ ಇದನ್ನು ಮಾಡಿಸಬೇಕು ಎನ್ನುವುದಕ್ಕೆ ಕಾರಣವೂ ಇದೇ: ಹಳೆಯ ಹೆಸರಿನಲ್ಲಿ ಆರ್‌ಡಿ ನಂಬರ್ ಬಂದರೆ ಮತ್ತೆ ಮೊದಲಿನಿಂದ.

ಎಸ್‌ಎಸ್‌ಪಿ: ಒಂದೇ ಅರ್ಜಿ, ಹಲವು ಇಲಾಖೆ

ರಾಜ್ಯ ಸರ್ಕಾರದ ಹೆಚ್ಚಿನ ವಿದ್ಯಾರ್ಥಿವೇತನಗಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಲ್ಲರ ಬಾಯಲ್ಲಿ ಎಸ್‌ಎಸ್‌ಪಿ, ಮೂಲಕ ಬರುತ್ತವೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಇಲಾಖೆ ಎಲ್ಲಕ್ಕೂ ಅರ್ಜಿ ಒಂದೇ. ನಿಮ್ಮ ಜಾತಿ, ಆದಾಯ, ಕೋರ್ಸು ನೋಡಿ ನೀವು ಯಾವ ಯೋಜನೆಗೆ ಸಲ್ಲುತ್ತೀರಿ ಎಂಬುದನ್ನು ಪೋರ್ಟಲ್ಲೇ ವಿಂಗಡಿಸುತ್ತದೆ.

ಅರ್ಜಿಗೆ ಕೂರುವ ಮೊದಲು ಎದುರಿಗಿರಬೇಕಾದವು: ವಿದ್ಯಾರ್ಥಿಯ ಮತ್ತು ತಂದೆ-ತಾಯಿಯ ಆಧಾರ್, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ಆರ್‌ಡಿ ನಂಬರುಗಳು, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಶುಲ್ಕ ಕಟ್ಟಿದ ರಸೀದಿ, ಹಾಸ್ಟೆಲಿನಲ್ಲಿದ್ದರೆ ಅದರ ವಿವರ. ಇವುಗಳ ಜೊತೆಗೆ ಹೊಸಬರು ಎಡವುವ ಒಂದು ಹೆಜ್ಜೆ ಇ-ದೃಢೀಕರಣ. ಶುಲ್ಕ ರಸೀದಿ, ವ್ಯಾಸಂಗ ಪ್ರಮಾಣಪತ್ರದಂಥ ದಾಖಲೆಗಳನ್ನು ನೀವೇ ಸ್ಕ್ಯಾನ್ ಮಾಡಿ ಹಾಕುವಂತಿಲ್ಲ. ಮೂಲ ಪ್ರತಿಗಳನ್ನು ಕಾಲೇಜಿನ ಇ-ದೃಢೀಕರಣ ಅಧಿಕಾರಿಗೆ ತೋರಿಸಬೇಕು. ಅವರು ಅಪ್‌ಲೋಡ್ ಮಾಡಿ ಪ್ರತಿ ದಾಖಲೆಗೂ ಒಂದು ಸಂಖ್ಯೆ ಕೊಡುತ್ತಾರೆ, ಆ ಸಂಖ್ಯೆಯನ್ನು ನೀವು ಅರ್ಜಿಯಲ್ಲಿ ತುಂಬುತ್ತೀರಿ. ಕಾಲೇಜಿನಲ್ಲಿ ಆ ಕೆಲಸ ಯಾರದು ಎಂದು ಸೇರಿದ ವಾರದಲ್ಲೇ ಕೇಳಿಟ್ಟುಕೊಳ್ಳಿ. ಸಾಮಾನ್ಯವಾಗಿ ಪಾಠವೂ ಮಾಡುವ ಒಬ್ಬ ಉಪನ್ಯಾಸಕರ ಹೆಗಲಿಗೇ ಇದು ಬಿದ್ದಿರುತ್ತದೆ, ಕೊನೆಯ ವಾರ ಅವರ ಟೇಬಲ್ ಮುಂದೆ ಇಡೀ ಕಾಲೇಜು ನಿಂತಿರುತ್ತದೆ.

ಅರ್ಜಿ ‘ಸಬ್‌ಮಿಟ್’ ಆಯಿತು ಎಂದರೆ ಕೆಲಸ ಅರ್ಧ ಆಯಿತು ಎಂದಷ್ಟೇ ಅರ್ಥ. ಮುಂದೆ ಕಾಲೇಜು ಮತ್ತು ಇಲಾಖೆಯ ಪರಿಶೀಲನೆ ಆಗಬೇಕು. ಹದಿನೈದು ದಿನಕ್ಕೊಮ್ಮೆ ಲಾಗಿನ್ ಆಗಿ ಸ್ಥಿತಿ ನೋಡಿ, ಕಂಡ ಪರದೆಯ ಫೋಟೊ ದಿನಾಂಕದೊಂದಿಗೆ ಇಟ್ಟುಕೊಳ್ಳಿ. ತಕರಾರು ಬಂದಾಗ ತಾಲ್ಲೂಕಿನ ಇಲಾಖಾ ಕಚೇರಿಯಲ್ಲಿ ಈ ಫೋಟೊ ತೋರಿಸಿದರೆ ಮಾತು ಬೇಗ ಮುಗಿಯುತ್ತದೆ. ಹಣ ಬಂದಿದೆಯೇ, ಯಾವ ಖಾತೆಗೆ ಬಂದಿದೆ ಎಂಬುದನ್ನು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಬಹುದು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕುಟುಂಬದ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ವೆಚ್ಚದ ಶೇ. 40 ರಾಜ್ಯದ ಪಾಲು, ಶೇ. 60 ಕೇಂದ್ರದ ಪಾಲು. 2021ರಿಂದ ಈಚೆಗೆ ಇವೆರಡೂ ಬೇರೆ ಬೇರೆಯಾಗಿ, ರಾಜ್ಯದ್ದು ಮೊದಲು, ಕೇಂದ್ರದ್ದು ಆಮೇಲೆ, ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತವೆ. ಮೊದಲ ಕಂತು ನೋಡಿ ‘ಇಷ್ಟೇನಾ’ ಎಂದು ಗಾಬರಿಯಾಗಬೇಡಿ. ಆ ಹಣದಲ್ಲಿ ಕಾಲೇಜಿನ ಶುಲ್ಕವೂ ಸೇರಿದೆ ಎಂಬುದನ್ನು ಮರೆತು ಮನೆಯ ಖರ್ಚಿಗೆ ಬಳಸಿಕೊಂಡರೆ, ಕಾಲೇಜು ಬಾಕಿ ಕೇಳುವಾಗ ದೊಡ್ಡ ಸಂಕಟವಾಗುತ್ತದೆ. ಶುಲ್ಕದ ಪಾಲು ಎಷ್ಟು, ನಿರ್ವಹಣಾ ಭತ್ಯೆ ಎಷ್ಟು ಎಂದು ಹಣ ಬಂದ ದಿನವೇ ಬೇರ್ಪಡಿಸಿ. ಕೇಂದ್ರದ ಮಾರ್ಗಸೂಚಿಯಂತೆ ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯಂಥ ಸಾಮಾನ್ಯ ಪದವಿಗೆ ಭತ್ಯೆ ಹಾಸ್ಟೆಲಿನಲ್ಲಿರುವವರಿಗೆ ವರ್ಷಕ್ಕೆ 6,000, ಮನೆಯಿಂದ ಹೋಗಿಬರುವವರಿಗೆ 3,000. ವೃತ್ತಿಪರ ಪದವಿಗಳಿಗೆ ಇದು 13,500 ಮತ್ತು 7,000.

ಹಿಂದುಳಿದ ವರ್ಗಗಳ ಇಲಾಖೆಯಲ್ಲಿ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇದೆ. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ಎಂಬ ಲೆಕ್ಕದಲ್ಲಿ ಶುರುವಾದ ಊಟ-ವಸತಿ ನೆರವು ಇದು. ಸರ್ಕಾರಿ ಹಾಸ್ಟೆಲಿನ ಅರ್ಜಿಗೆ ಎಸ್‌ಎಸ್‌ಪಿ ಅಲ್ಲ, ರಾಜ್ಯ ಹಾಸ್ಟೆಲ್ ಪೋರ್ಟಲ್ ಬೇರೆಯೇ ಇದೆ, ದಿನಾಂಕವೂ ಬೇರೆ. ತಾಲ್ಲೂಕು ಕೇಂದ್ರದಲ್ಲಿ ರೂಮು ಮಾಡಿ ಊಟಕ್ಕೆ ಖರ್ಚು ಮಾಡುವುದಕ್ಕಿಂತ ಹಾಸ್ಟೆಲ್ ಸೀಟು ಸಿಗುವುದು ಯಾವ ಸ್ಕಾಲರ್‌ಶಿಪ್ಪಿಗಿಂತಲೂ ದೊಡ್ಡ ನೆರವು. ಅದಕ್ಕೇ ಮೊದಲು ಪ್ರಯತ್ನಿಸಿ.

ಜಾತಿಯ ಪಟ್ಟಿಯ ಹೊರಗೂ ದಾರಿಗಳಿವೆ

ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಎನ್‌ಎಸ್‌ಪಿ, ಬೇರೆ ಜಾಲತಾಣ. ಅಲ್ಲಿನ ಕೇಂದ್ರೀಯ ವಲಯ ವಿದ್ಯಾರ್ಥಿವೇತನ ಎಲ್ಲ ಜಾತಿಯವರಿಗೂ ತೆರೆದದ್ದು, ವರ್ಷಕ್ಕೆ ದೇಶದಲ್ಲಿ 82,000 ಹೊಸಬರಿಗೆ. ಆದಾಯ ಮಿತಿ 4.5 ಲಕ್ಷ. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000. ಪಿಯುಸಿಯಲ್ಲಿ 80 ಪರ್ಸೆಂಟೈಲ್ ದಾಟಿರಬೇಕು ಎಂಬ ಷರತ್ತನ್ನು ಓದಿ, ಶೇ. 80 ಅಂಕ ಎಂದು ತಿಳಿದು ಅರ್ಜಿಯನ್ನೇ ಹಾಕದವರು ಬಹಳ. ಪರ್ಸೆಂಟೈಲ್ ಎಂದರೆ ಅಂಕವಲ್ಲ, ಸ್ಥಾನ. ನಿಮ್ಮ ವಿಭಾಗದಲ್ಲಿ ನೂರು ಜನರಿದ್ದರೆ ಎಂಬತ್ತು ಜನರಿಗಿಂತ ಮುಂದೆ ಇದ್ದೀರಾ ಎಂಬುದಷ್ಟೇ ಪ್ರಶ್ನೆ. ಕಲಾ, ವಾಣಿಜ್ಯ, ವಿಜ್ಞಾನಕ್ಕೆ ಲೆಕ್ಕ ಬೇರೆ ಬೇರೆ. ದೂರಶಿಕ್ಷಣದವರಿಗೆ ಇದು ಸಿಗುವುದಿಲ್ಲ. ಪ್ರತಿವರ್ಷ ನವೀಕರಿಸಬೇಕು, ಅದಕ್ಕೆ ಕನಿಷ್ಠ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ಎರಡನೇ ವರ್ಷ ನವೀಕರಣ ಮರೆತು ಹಣ ಕಳೆದುಕೊಂಡವರು ಮೊದಲ ವರ್ಷ ಅರ್ಜಿ ಹಾಕದವರಷ್ಟೇ ಇರಬಹುದೇನೋ. ಎನ್‌ಎಸ್‌ಪಿಯಲ್ಲಿಯೂ ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಅವರು ಕಳಿಸದಿದ್ದರೆ ಅರ್ಜಿ ಅಲ್ಲೇ ಉಳಿಯುತ್ತದೆ, ನಿಮಗೆ ಯಾರೂ ಕರೆದು ಹೇಳುವುದಿಲ್ಲ.

ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಸೇರಿದ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000. ಆದಾಯ ಮಿತಿ 8 ಲಕ್ಷ, ಒಂದು ಮನೆಯ ಇಬ್ಬರು ಹುಡುಗಿಯರವರೆಗೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಸಕ್ಷಮ್, ತಂದೆ-ತಾಯಿ ಇಲ್ಲದವರಿಗೆ ಸ್ವನಾಥ್, ಮೊತ್ತ ಅಷ್ಟೇ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಮೊದಲ ವರ್ಷದ ಪದವಿಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ಕೊಡುತ್ತದೆ. ಕರ್ನಾಟಕದಲ್ಲಿ ಇದು ದೀಪಿಕಾ ಎಂಬ ಹೆಸರಿನಲ್ಲಿದೆ. ಇದು ಮೊದಲ ವರ್ಷದಲ್ಲೇ ಹಾಕಬೇಕಾದ ಅರ್ಜಿ. ಸಿಕ್ಕವರಿಗೆ ಕೋರ್ಸು ಮುಗಿಯುವವರೆಗೂ ಬರುತ್ತದೆ, ಆದ್ದರಿಂದ ಈ ಒಂದನ್ನು ತಪ್ಪಿಸಿಕೊಂಡರೆ ನಷ್ಟ ಒಂದು ವರ್ಷದ್ದಲ್ಲ. ಅಪ್ಪ ಅಥವಾ ಅಮ್ಮ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದ್ದರೆ, ಅಥವಾ ಕಾರ್ಮಿಕ ಕಲ್ಯಾಣ ಮಂಡಳಿಗೆ ವಂತಿಗೆ ಕಟ್ಟುವ ಕಾರ್ಖಾನೆಯಲ್ಲಿದ್ದರೆ, ಆ ಮಂಡಳಿಗಳ ಶೈಕ್ಷಣಿಕ ನೆರವನ್ನೂ ವಿಚಾರಿಸಿ.

ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವವರಿಗೆ ಎಸ್‌ಎನ್‌ಕ್ಯೂ ಸೀಟು ಬೇರೊಂದು ಬಗೆಯ ನೆರವು. ಪ್ರತಿ ವಿಭಾಗದ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ. 5 ಸೀಟು, ಬೋಧನಾ ಶುಲ್ಕವಿಲ್ಲ, ಆದಾಯ ಮಿತಿ 8 ಲಕ್ಷ, ಹಂಚಿಕೆ ರ‍್ಯಾಂಕಿನ ಮೇಲೆ. ಬೋಧನಾ ಶುಲ್ಕ ಮಾತ್ರ ಇಲ್ಲ, ಉಳಿದ ಶುಲ್ಕಗಳನ್ನು ಕಟ್ಟಬೇಕು. ಆಮೇಲೆ ಕಾಲೇಜು ಅಥವಾ ವಿಭಾಗ ಬದಲಿಸುವ ಆಸೆ ಇಟ್ಟುಕೊಳ್ಳುವಂತಿಲ್ಲ.

ಒಂದೇ ಕಾಲಕ್ಕೆ ಎರಡು ಕೇಂದ್ರೀಯ ವಿದ್ಯಾರ್ಥಿವೇತನ ಪಡೆಯುವಂತಿಲ್ಲ ಎಂಬ ನಿಯಮವಿರುವುದರಿಂದ, ಎರಡಕ್ಕೂ ಅರ್ಹರಾದವರು ಮೊತ್ತವನ್ನೂ ನವೀಕರಣದ ಷರತ್ತನ್ನೂ ಹೋಲಿಸಿ ಒಂದನ್ನು ಆರಿಸಬೇಕು. ಮತ್ತೊಂದು ಎಚ್ಚರಿಕೆ: ಯಾವ ಸರ್ಕಾರಿ ವಿದ್ಯಾರ್ಥಿವೇತನಕ್ಕೂ ಅರ್ಜಿ ಶುಲ್ಕವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕು ‘ಪ್ರೊಸೆಸಿಂಗ್ ಫೀ’ ಕೇಳಿದರೆ, ಓಟಿಪಿ ಹೇಳಿ ಎಂದರೆ, ಅಲ್ಲಿಗೇ ಮುಚ್ಚಿಬಿಡಿ. ಸೈಬರ್ ಸೆಂಟರಿನವರು ತಮ್ಮ ಕೆಲಸಕ್ಕೆ ತೆಗೆದುಕೊಳ್ಳುವುದು ಬೇರೆ ಮಾತು. ಆದರೆ ಪಾಸ್‌ವರ್ಡನ್ನು ಅವರ ಪುಸ್ತಕದಲ್ಲಿ ಬಿಟ್ಟುಬರಬೇಡಿ, ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಸಾಲ: ಓದುವಾಗಲೇ ಬಡ್ಡಿ ಕಟ್ಟಿದರೆ ಏನಾಗುತ್ತದೆ

ಶೈಕ್ಷಣಿಕ ಸಾಲದಲ್ಲಿ ಬ್ಯಾಂಕುಗಳು ಸಾಮಾನ್ಯವಾಗಿ ಅನುಸರಿಸುವ ಮಾದರಿ ಹೀಗಿದೆ. 4 ಲಕ್ಷದವರೆಗೆ ನಿಮ್ಮ ಕೈಯಿಂದ ಹಾಕಬೇಕಾದ ಪಾಲು ಇಲ್ಲ, ಆಸ್ತಿ ಅಡಮಾನವೂ ಇಲ್ಲ. ಅದಕ್ಕಿಂತ ಹೆಚ್ಚಾದರೆ ದೇಶದೊಳಗಿನ ಓದಿಗೆ ಶೇ. 5, ವಿದೇಶಕ್ಕೆ ಶೇ. 15 ನಿಮ್ಮ ಪಾಲು. 7.5 ಲಕ್ಷದವರೆಗೆ ಕೇಂದ್ರದ ಸಾಲ ಖಾತರಿ ನಿಧಿ ಬ್ಯಾಂಕಿನ ಬೆನ್ನಿಗಿರುತ್ತದೆ, ಆಸ್ತಿಪತ್ರ ಬೇಡ. ಅದನ್ನು ಮೀರಿದರೆ ಮನೆ-ನಿವೇಶನದ ಪತ್ರ ಕೇಳುತ್ತಾರೆ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆಮೇಲೆ ತೀರಿಸಲು 15 ವರ್ಷದವರೆಗೆ ಸಮಯ.

‘ಕಂತು ಇಲ್ಲ’ ಎಂದರೆ ‘ಬಡ್ಡಿ ಇಲ್ಲ’ ಎಂದಲ್ಲ. ನಾಲ್ಕು ವರ್ಷದ ಬಿ.ಇ.ಗೆ ವರ್ಷದ ಆರಂಭಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಕಂತು ಶುರುವಾಗುವುದು ಐದು ವರ್ಷದ ನಂತರ. ಅಷ್ಟರಲ್ಲಿ ಮೊದಲ ಲಕ್ಷಕ್ಕೆ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000 ಸರಳ ಬಡ್ಡಿ. ಒಟ್ಟು 1.4 ಲಕ್ಷ. ತೀರಿಸಬೇಕಾದ ಅಸಲು 5.4 ಲಕ್ಷವಾಯಿತು. ಹತ್ತು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 7,136. ಅದೇ, ಓದುವಾಗಲೇ ಬಡ್ಡಿ ಕಟ್ಟುತ್ತ ಬಂದಿದ್ದರೆ ಅಸಲು 4 ಲಕ್ಷದಲ್ಲೇ ನಿಲ್ಲುತ್ತಿತ್ತು, ಕಂತು ಸುಮಾರು 5,286. ತಿಂಗಳಿಗೆ 1,850 ವ್ಯತ್ಯಾಸ, ಹತ್ತು ವರ್ಷಕ್ಕೆ 2.22 ಲಕ್ಷ. ಮೊದಲ ವರ್ಷದ ಬಡ್ಡಿ ತಿಂಗಳಿಗೆ 833 ರೂಪಾಯಿ ಮಾತ್ರ. ಮನೆಯಲ್ಲಿ ಅಷ್ಟು ಹೊಂದಿಸಲು ಆದರೆ ಹೊಂದಿಸಿ; ಹೀಗೆ ಬಡ್ಡಿ ಕಟ್ಟಿದವರಿಗೆ ಬಡ್ಡಿದರದಲ್ಲಿ ಶೇ. 1 ಕಡಿಮೆ ಮಾಡುವ ಬ್ಯಾಂಕುಗಳೂ ಇವೆ. ಮುಂದೆ ನೀವು ಕಟ್ಟುವ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ 80ಇ ಕಲಂನಡಿ ಎಂಟು ವರ್ಷ ವಿನಾಯಿತಿಯಿದೆ.

ಬಡ್ಡಿಯ ಹೊರೆಯನ್ನು ಸರ್ಕಾರವೇ ಹೊರುವ ದಾರಿಯೂ ಇದೆ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಓದುತ್ತಿದ್ದರೆ, ಕಂತಿಲ್ಲದ ಅವಧಿಯ ಪೂರ್ತಿ ಬಡ್ಡಿಯನ್ನು ಕೇಂದ್ರದ ಬಡ್ಡಿ ಸಹಾಯಧನ ಯೋಜನೆ ಕಟ್ಟುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಉತ್ತಮ ಶ್ರೇಣಿಯ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದವರೆಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ. ಆದರೆ ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇದು ಅನ್ವಯಿಸುವುದಿಲ್ಲ, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಶುಲ್ಕ ಮರುಪಾವತಿ ಪಡೆಯುವವರಿಗೆ ಈ ಬಡ್ಡಿ ರಿಯಾಯಿತಿ ಇಲ್ಲ. ಸಿಇಟಿ, ನೀಟ್ ಮೂಲಕ ವೃತ್ತಿಪರ ಸೀಟು ಪಡೆದ ಹಿಂದುಳಿದ ವರ್ಗದವರು ದೇವರಾಜ ಅರಸು ಅಭಿವೃದ್ಧಿ ನಿಗಮದಲ್ಲಿ, ಅಲ್ಪಸಂಖ್ಯಾತರು ತಮ್ಮ ಅಭಿವೃದ್ಧಿ ನಿಗಮದಲ್ಲಿ ‘ಅರಿವು’ ಸಾಲ ಕೇಳಬೇಕು. ಬಡ್ಡಿ ಶೇ. 2 ಮಾತ್ರ ಇರುವುದರಿಂದ ಬ್ಯಾಂಕಿಗಿಂತ ಮೊದಲು ಹೋಗಬೇಕಾದ ಬಾಗಿಲು ಅದು.

ಬ್ಯಾಂಕಿನಲ್ಲಿ ‘ನಿಮ್ಮ ಊರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಕಳಿಸಿಬಿಡುವುದು ಆಗಾಗ ಆಗುತ್ತದೆ. ಆ ಕಾರಣಕ್ಕೆ ಶೈಕ್ಷಣಿಕ ಸಾಲ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಶೈಕ್ಷಣಿಕ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕವೇ ಅರ್ಜಿ ಹಾಕಿ, ಸಂಖ್ಯೆ ಇಟ್ಟುಕೊಳ್ಳಿ, ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಾದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿಗೆ) ಆನ್‌ಲೈನಿನಲ್ಲಿ ದೂರು ಕೊಡಬಹುದು, ಖರ್ಚಿಲ್ಲ. ಅರ್ಜಿಗೆ ಮೊದಲು ಅಪ್ಪನ ಹಳೆಯ ಸಾಲಗಳ ಸ್ಥಿತಿ ನೋಡಿ. ಸಹಸಾಲಗಾರರಾಗಿ ಸಹಿ ಹಾಕುವವರ ಹೆಸರಿನಲ್ಲಿ ಬಾಕಿ ಉಳಿದ ಟ್ರ್ಯಾಕ್ಟರ್ ಸಾಲವೋ ಬೈಕ್ ಸಾಲವೋ ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಓದು

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಬಿ.ಕಾಂ., ಬಿ.ಎಸ್ಸಿ., ಬಿ.ಇ.ಯ ಮೊದಲ ಸೆಮಿಸ್ಟರಿನಲ್ಲಿ ತತ್ತರಿಸುವುದು ವಿಷಯ ಕಷ್ಟವೆಂದಲ್ಲ, ಇಂಗ್ಲಿಷ್ ಪುಸ್ತಕದ ವಾಕ್ಯಗಳ ಮುಂದೆ. ಇದಕ್ಕೆ ಬೇಕಾದ ಸಾಮಗ್ರಿ ಈಗ ಕನ್ನಡದಲ್ಲೇ ಇದೆ. ಎಐಸಿಟಿಇಯ ಇ-ಕುಂಭ್ ಜಾಲತಾಣದಲ್ಲಿ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಪಠ್ಯಪುಸ್ತಕಗಳು ಕನ್ನಡದಲ್ಲಿ ಉಚಿತವಾಗಿ ಸಿಗುತ್ತವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳಲ್ಲಿ ಕಂಪ್ಯೂಟರ್ ಭಾಷೆಗಳ, ಕಚೇರಿ ತಂತ್ರಾಂಶಗಳ ಪಾಠ ಕನ್ನಡ ದನಿಯಲ್ಲಿದೆ. ಪಾಠವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಅದೇ ಭಾಗವನ್ನು ಆ ದಿನವೇ ಇಂಗ್ಲಿಷ್ ಪುಸ್ತಕದಲ್ಲಿ ಓದಿ. ಎರಡು ಕಾಲಂ ಎಳೆದ ನೋಟ್‌ಬುಕ್ಕಿನಲ್ಲಿ ಪಾರಿಭಾಷಿಕ ಪದಗಳನ್ನು ಎದುರುಬದುರು ಬರೆಯುತ್ತ ಹೋಗಿ. ದಿನಕ್ಕೆ ಎಂಟು ಪದವಾದರೂ ಒಂದು ಸೆಮಿಸ್ಟರಿಗೆ ಆ ವಿಷಯದ ಬಹುಪಾಲು ಶಬ್ದಗಳು ಕೈಗೆ ಬರುತ್ತವೆ.

ಪರೀಕ್ಷೆಗೆ ಹಿಂದಿನ ಐದು ಪ್ರಶ್ನೆಪತ್ರಿಕೆ ತಂದು, ಪ್ರತಿ ಪ್ರಶ್ನೆಯನ್ನು ಪಠ್ಯಕ್ರಮದ ಘಟಕದ ಪಕ್ಕ ಗುರುತಿಸಿ. ಯಾವ ಘಟಕದಿಂದ ದೊಡ್ಡ ಪ್ರಶ್ನೆ ಬರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. 80 ಅಂಕಕ್ಕೆ ಮೂರು ಗಂಟೆಯಾದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ, ಹತ್ತು ಅಂಕದ ಉತ್ತರಕ್ಕೆ 22 ನಿಮಿಷ. ವಾರಕ್ಕೆ ಒಂದು ಉತ್ತರವನ್ನು ಗಡಿಯಾರ ಇಟ್ಟುಕೊಂಡು ಕೈಯಲ್ಲಿ ಬರೆಯಿರಿ. ಗೊತ್ತಿದ್ದೂ ಬರೆಯಲು ಸಮಯ ಸಾಲದೆ ಅಂಕ ಕಳೆದುಕೊಳ್ಳುವುದು ತಪ್ಪುತ್ತದೆ.

ಕೇಂದ್ರ ಸರ್ಕಾರದ ಸ್ವಯಂ, ಐಐಟಿಗಳ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕೋರ್ಸುಗಳನ್ನು ಕಲಿಯಲು ಹಣವಿಲ್ಲ. ಎನ್‌ಪಿಟಿಇಎಲ್‌ನಲ್ಲಿ ಪ್ರಮಾಣಪತ್ರ ಬೇಕಾದವರು ಮಾತ್ರ 1,000 ರೂಪಾಯಿ ಪರೀಕ್ಷಾ ಶುಲ್ಕ ಕಟ್ಟಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಪಾಸಾಗಲು ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬೇಕು. ಹನ್ನೆರಡು ವಾರದ ಕೋರ್ಸಿನಲ್ಲಿ ಅತ್ಯುತ್ತಮ ಎಂಟು ಅಸೈನ್‌ಮೆಂಟನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ಒಂದೆರಡು ವಾರ ತಪ್ಪಿದರೆ ಬಿಟ್ಟುಬಿಡಬೇಡಿ.

ಕೆಲಸದ ದಾರಿಯನ್ನು ಹಿಂದಿನಿಂದ ನೋಡುವುದು

‘ಡಿಗ್ರಿ ಮುಗಿಯಲಿ, ಆಮೇಲೆ ನೋಡೋಣ’ ಎನ್ನುವ ಮಾತು ಹಲವು ಬಾಗಿಲುಗಳನ್ನು ಮೊದಲೇ ಮುಚ್ಚಿಬಿಡುತ್ತದೆ. ನಿಮಗೆ ಬೇಕೆನಿಸುವ ಹುದ್ದೆಯ ಹಳೆಯ ಅಧಿಸೂಚನೆಯೊಂದನ್ನು ಎರಡನೇ ವರ್ಷದಲ್ಲೇ ಇಳಿಸಿಕೊಂಡು, ಅರ್ಹತೆಯ ಪುಟವನ್ನು ಪೆನ್ನು ಹಿಡಿದು ಓದಿ. ಶಿಕ್ಷಕರಾಗಬೇಕು ಎಂಬುವರ ಉದಾಹರಣೆ ನೋಡಿ. ಒಂದರಿಂದ ಐದನೇ ತರಗತಿಗೆ ಬಿ.ಇಡಿ. ಸಾಲದು, ಡಿ.ಇಎಲ್.ಇಡಿ. ಎಂಬ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಬೇಕು ಎಂದು ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಮೇಲಿನ ತರಗತಿಗಳಿಗೆ ಪದವಿಯಲ್ಲಿ ಓದಿದ ವಿಷಯಗಳೂ ಲೆಕ್ಕಕ್ಕೆ ಬರುತ್ತವೆ, ಅಂದರೆ ಮೊದಲ ವರ್ಷ ಆರಿಸಿದ ವಿಷಯಗಳೇ ಮುಂದಿನ ಅರ್ಹತೆಯನ್ನು ತೀರ್ಮಾನಿಸುತ್ತವೆ. ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರದಲ್ಲಿ ಶೇ. 55, ಮೀಸಲು ವರ್ಗದವರಿಗೆ ಶೇ. 50, ಜೊತೆಗೆ ಎನ್‌ಇಟಿ (ರಾಷ್ಟ್ರಮಟ್ಟದ) ಅಥವಾ ಕೆಸೆಟ್ (ರಾಜ್ಯಮಟ್ಟದ) ಅರ್ಹತಾ ಪರೀಕ್ಷೆ. ಎನ್‌ಇಟಿಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿ ಪಿಎಚ್‌.ಡಿ.ಗೆ ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ಬರುತ್ತದೆ ಎಂಬುದು ಬಡ ಮನೆಯ ಮಕ್ಕಳಿಗೆ ಯಾರೂ ಸಮಯಕ್ಕೆ ಹೇಳದ ವಿಷಯ.

ಇಂಗ್ಲಿಷ್ ಭಯದಿಂದ ಕೇಂದ್ರದ ಪರೀಕ್ಷೆಗಳನ್ನು ಬಿಡಬೇಡಿ. ಬ್ಯಾಂಕ್ ಗುಮಾಸ್ತ ಹುದ್ದೆಯ ಪರೀಕ್ಷೆ, ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗವಾದ ಎಸ್‌ಎಸ್‌ಸಿ ನಡೆಸುವ ಎಂಟಿಎಸ್ ಮತ್ತು ಸಿಎಚ್‌ಎಸ್‌ಎಲ್ ಪರೀಕ್ಷೆಗಳು ಈಗ ಕನ್ನಡದಲ್ಲೂ ಇವೆ, ಇಂಗ್ಲಿಷ್ ಭಾಷೆಯ ಭಾಗವೊಂದನ್ನು ಬಿಟ್ಟು. ಬ್ಯಾಂಕ್ ಗುಮಾಸ್ತ ಹುದ್ದೆಗೆ ಯಾವ ಪದವಿಯಾದರೂ ಸರಿ, ವಯಸ್ಸು 20ರಿಂದ 28, ಮೀಸಲಾತಿಯವರಿಗೆ ಸಡಿಲಿಕೆ ಉಂಟು.

ಡಿಗ್ರಿ ಮುಗಿದು ಕೆಲಸ ಸಿಗದ ಅವಧಿಗೆ ಎರಡು ವ್ಯವಸ್ಥೆಗಳಿವೆ. ಒಂದು, ಎನ್‌ಎಟಿಎಸ್ ಎಂಬ ಶಿಶಿಕ್ಷು (ಅಪ್ರೆಂಟಿಸ್) ತರಬೇತಿ. ಸರ್ಕಾರಿ ಕಾರ್ಖಾನೆ, ಖಾಸಗಿ ಕಂಪನಿ, ಬ್ಯಾಂಕುಗಳಲ್ಲಿ ಕೆಲಸ ಕಲಿಯುತ್ತ ಸ್ಟೈಪೆಂಡ್ ಪಡೆಯಬಹುದು. 2019ರ ನಿಯಮ ಪದವೀಧರರಿಗೆ ನಿಗದಿಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 9,000. ಬಿ.ಎ., ಬಿ.ಕಾಂ. ಮಾಡಿದವರೂ ಸೇರಬಹುದು ಎಂಬುದು ಅನೇಕರಿಗೆ ತಿಳಿದಿಲ್ಲ. ಇನ್ನೊಂದು, ರಾಜ್ಯದ ಯುವನಿಧಿ. ಪಾಸಾಗಿ 180 ದಿನವಾದರೂ ಕೆಲಸವಿಲ್ಲದಿದ್ದರೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಅರ್ಜಿ ರಾಜ್ಯದ ಸೇವಾಸಿಂಧು ಪೋರ್ಟಲಿನಲ್ಲಿ. ಶಿಶಿಕ್ಷು ವೇತನ ಪಡೆಯುವವರು, ಮುಂದಿನ ಓದಿಗೆ ಸೇರಿದವರು ಯುವನಿಧಿಗೆ ಸಲ್ಲುವುದಿಲ್ಲ. ಮೊತ್ತ, ಕಲಿಯುವ ಕೆಲಸ ಎರಡನ್ನೂ ನೋಡಿದರೆ ತರಬೇತಿ ಸಿಕ್ಕವರು ಅದಕ್ಕೇ ಹೋಗುವುದು ಸರಿ.

ಯುವನಿಧಿಯ ಅರ್ಜಿ ನಿಲ್ಲುವುದು ಹೆಚ್ಚಾಗಿ ಒಂದೇ ಕಡೆ: ವಿಶ್ವವಿದ್ಯಾಲಯ ನಿಮ್ಮ ಅಂಕಪಟ್ಟಿಯನ್ನು ನ್ಯಾಡ್ ಎಂಬ ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಹಾಕಿರುವುದಿಲ್ಲ. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ತಿಂಗಳಲ್ಲೇ ಡಿಜಿಲಾಕರ್ ತೆರೆದು ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ನೋಂದಣಿ ಸಂಖ್ಯೆ ಬರೆದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಮನವಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಹಣ ಬರಲು ಶುರುವಾದ ಮೇಲೆ, ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಸೇವಾಸಿಂಧುವಿನಲ್ಲಿ ತಪ್ಪದೆ ಸಲ್ಲಿಸಬೇಕು. ಅದು ತಪ್ಪಿದರೆ ಹಣ ನಿಲ್ಲುತ್ತದೆ.